ಕೋಚ್ ಎದ್ದು ಹೋದ ಮೇಲೆ

ಫುಟ್‌ಬಾಲಿನ ಸಾರ್ವಕಾಲಿಕ ಶ್ರೇಷ್ಠ ಕೋಚ್ ಯಾರು ಎಂದು ಯಾರನ್ನಾದರೂ ಕೇಳಿ ನೋಡಿ. ಒಬ್ಬರೂ ಯೋಚಿಸುವುದಿಲ್ಲ. ಉತ್ತರ ಎಲ್ಲರ ಜೇಬಿನಲ್ಲೂ ಮೊದಲೇ ಇರುತ್ತದೆ. ಹುಡುಕಾಟವೇನಿದ್ದರೂ ಆ ಉತ್ತರಕ್ಕೆ ಹೊಂದುವ ಅಳತೆಗೋಲಿಗೆ.

ಅಲೆಕ್ಸ್ ಫರ್ಗುಸನ್ ಭಕ್ತರಿಗೆ ಎಣಿಕೆಯೇ ಧರ್ಮ. ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ 38 ಟ್ರೋಫಿ, ಅದರಲ್ಲಿ 13 ಲೀಗ್ ಪಟ್ಟ. ಮುಗಿಯಿತು, ಇನ್ನು ಮಾತೇ ಬೇಡ. 'ಸರಿ, ಇಪ್ಪತ್ತಾರು ವರ್ಷದಲ್ಲಿ ಚಾಂಪಿಯನ್ಸ್ ಲೀಗ್ ಎಷ್ಟು ಸಲ?' ಎಂದು ಕೇಳಿದಿರೋ, ಎರಡೇ ಸಲ ಎನ್ನಬೇಕಾಗುತ್ತದೆ. ಆ ಕ್ಷಣದಿಂದ ಎಣಿಸುವುದು ಸಣ್ಣ ಬುದ್ಧಿಯವರ ಕೆಲಸವಾಗಿಬಿಡುತ್ತದೆ. ಕಾರ್ಲೊ ಆಂಚೆಲೊಟ್ಟಿ ಕಡೆಯವರದು ಇದರ ತಿರುಗುಮುರುಗು. ಚಾಂಪಿಯನ್ಸ್ ಲೀಗನ್ನು ಐದು ಸಲ ಗೆದ್ದ ಕೋಚ್ ಇನ್ನೊಬ್ಬನಿಲ್ಲ; ಇಟಲಿ, ಇಂಗ್ಲೆಂಡ್, ಫ್ರಾನ್ಸ್, ಜರ್ಮನಿ, ಸ್ಪೇನ್ ಐದೂ ದೇಶಗಳ ಲೀಗ್ ಗೆದ್ದವನೂ ಇನ್ನೊಬ್ಬನಿಲ್ಲ. 'ಮಿಲಾನ್‌ನಲ್ಲಿ ಎಂಟು ವರ್ಷ ಕೂತು ಇಟಲಿಯ ಲೀಗ್ ಗೆದ್ದದ್ದು ಒಂದೇ ಸಲ ತಾನೇ?' ಎಂದರೆ, ಲೀಗ್ ಗುಮಾಸ್ತರ ಆಟ, ಕಪ್ ಗಂಡಸರ ಆಟ ಎಂಬ ಹೊಸ ಶಾಸ್ತ್ರ ಹೊರಬರುತ್ತದೆ. ಪೆಪ್ ಗಾರ್ಡಿಯೊಲಾ ಪಂಥದವರು ಇನ್ನೂ ಮೇಲಿನವರು. ಅವರು ಲೆಕ್ಕಕ್ಕಿಂತ ಮೊದಲು ಸೌಂದರ್ಯಮೀಮಾಂಸೆ ಶುರುಮಾಡುತ್ತಾರೆ. ಸೌಂದರ್ಯಕ್ಕೆ ತಗುಲಿದ ಖರ್ಚೆಷ್ಟು ಎಂದು ಕೇಳಿದರೆ ಮಾತ್ರ ಕಿವಿ ಕೇಳಿಸುವುದಿಲ್ಲ. ಜೋಸೆ ಮೊರಿನ್ಯೊ ಅವರಿಗೆ ಅಂಥ ವಕೀಲರ ಅಗತ್ಯವೇ ಬಿದ್ದಿಲ್ಲ. 2004ರಲ್ಲಿ ಚೆಲ್ಸಿಗೆ ಬಂದ ದಿನವೇ, ಒಂದು ಪಂದ್ಯವನ್ನೂ ಆಡಿಸುವ ಮೊದಲೇ, ತಾವು ವಿಶೇಷ ವ್ಯಕ್ತಿಯೆಂದು ಪತ್ರಕರ್ತರಿಗೆ ತಾವೇ ತಿಳಿಸಿಬಿಟ್ಟಿದ್ದರು.

ಶನಿವಾರ ರಾತ್ರಿ ಬೆಂಗಳೂರಿನ ಪಬ್ಬುಗಳ ದೊಡ್ಡ ಪರದೆಯ ಮುಂದೆಯೂ ಇದೇ ವಾದ. ಮ್ಯಾಂಚೆಸ್ಟರಿನ ಮಳೆಗೆ ಒಮ್ಮೆಯೂ ನೆನೆಯದ ಹುಡುಗ ಕೆಂಪು ಜೆರ್ಸಿ ತೊಟ್ಟು, 'ಜನವರಿಯಲ್ಲಿ ನಾವು ಒಬ್ಬ ಮಿಡ್‌ಫೀಲ್ಡರ್‌ನ ತಗೊಳ್ಳಲೇಬೇಕು ಮಗಾ' ಎನ್ನುತ್ತಾನೆ. ಅವನ ಮನೆಯ ಗೀಸರ್ ಕೆಟ್ಟು ತಿಂಗಳಾಗಿದೆ. ಅದರ ಬಗ್ಗೆ ಇಷ್ಟು ಕಳಕಳಿ ಇಲ್ಲ.

ಇಷ್ಟೆಲ್ಲ ಅಳತೆಗೋಲುಗಳ ನಡುವೆ ಜಗತ್ತು ನಿಜವಾಗಿ ಬಳಸುವ ಗೋಲು ಬೇರೆಯೇ ಇದೆ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ. ಕೋಚ್ ಗೆದ್ದದ್ದು ಎಷ್ಟು ಎಂಬುದು ಅಲ್ಲಿ ನೆಪಕ್ಕೆ. ಅವನು ಎದ್ದು ಹೋದ ಮೇಲೆ ಕ್ಲಬ್ ಎಷ್ಟು ಚೆನ್ನಾಗಿ ಹಾಳಾಯಿತು ಎಂಬುದರ ಮೇಲೆ ಪಟ್ಟ ನಿರ್ಧಾರವಾಗುತ್ತದೆ. ಹಾಳಾದರೆ ಅವನು ಯುಗಪುರುಷ. ಅವನ ನಂತರವೂ ಎಲ್ಲ ಸುಸೂತ್ರವಾಗಿ ನಡೆದರೆ, ಪಾಪ, ಒಳ್ಳೆಯ ಮನುಷ್ಯ, ಹೆಸರೇನೋ ಇತ್ತಲ್ಲ. ಮಗನಿಗೆ ಅಂಗಡಿಯ ಲೆಕ್ಕ ಕಲಿಸದೆ ಕಣ್ಣುಮುಚ್ಚಿದ ಯಜಮಾನನ ಫೋಟೋಗೇ ಗಲ್ಲಾಪೆಟ್ಟಿಗೆಯ ಮೇಲೆ ದೊಡ್ಡ ಹಾರ ಬೀಳುವುದು: 'ಅವರಿದ್ದಾಗ ಹೇಗಿತ್ತು ಗೊತ್ತಾ ಈ ಅಂಗಡಿ!'

ಪುರಾವೆ ಬೇಕಿದ್ದರೆ ಲಿವರ್‌ಪೂಲ್‌ಗೆ ಹೋಗೋಣ. ಅಲ್ಲಿ ಬಿಲ್ ಶ್ಯಾಂಕ್ಲಿ ಎಂಬ ಸ್ಕಾಟ್ಲೆಂಡಿನವರು 1959ರಿಂದ 1974ರವರೆಗೆ ಮ್ಯಾನೇಜರ್ ಆಗಿದ್ದರು. ಎರಡನೇ ಡಿವಿಜನ್ನಿನಲ್ಲಿ ತೂಕಡಿಸುತ್ತಿದ್ದ ಕ್ಲಬ್ಬನ್ನು ಎಬ್ಬಿಸಿ, ಮೂರು ಲೀಗ್, ಎರಡು ಎಫ್.ಎ. ಕಪ್, ಒಂದು ಯುಇಎಫ್ಎ ಕಪ್ ಗೆದ್ದರು. ದೊಡ್ಡ ಕೆಲಸ, ಅನುಮಾನವಿಲ್ಲ. ಅವರು ಹೋದ ಮೇಲೆ ಕುರ್ಚಿಗೆ ಬಂದವರು ಅವರ ಸಹಾಯಕ ಬಾಬ್ ಪೇಯ್ಸ್ಲಿ. ಈ ಮನುಷ್ಯನಿಗೆ ಕುರ್ಚಿ ಬೇಡವಾಗಿತ್ತು. ಬಲವಂತಕ್ಕೆ ಬಂದು ಕೂತರು. ಕೂತು ಒಂಬತ್ತು ವರ್ಷಗಳಲ್ಲಿ ಆರು ಲೀಗ್, ಮೂರು ಯುರೋಪಿಯನ್ ಕಪ್ (ಇಂದಿನ ಚಾಂಪಿಯನ್ಸ್ ಲೀಗ್), ಮೇಲೊಂದು ಯುಇಎಫ್ಎ ಕಪ್, ಮೂರು ಲೀಗ್ ಕಪ್. 1944ರಲ್ಲಿ ಬ್ರಿಟಿಷ್ ಸೈನಿಕನಾಗಿ ರೋಮ್ ಹೊಕ್ಕಿದ್ದವರು 1977ರಲ್ಲಿ ಅದೇ ಊರಿನಲ್ಲಿ ಮೊದಲ ಯುರೋಪಿಯನ್ ಕಪ್ ಎತ್ತಿಸಿದರು. ಎರಡೂ ಸಲ ಹೆಚ್ಚು ಮಾತಾಡಲಿಲ್ಲ.

ಇದೇ ತಪ್ಪಾದದ್ದು. ಶ್ಯಾಂಕ್ಲಿ ಮಾತಿನ ಮಲ್ಲ. ಅವರ ಒಂದೊಂದು ಮಾತೂ ಇವತ್ತಿಗೂ ಟೀ ಕಪ್ಪಿನ ಮೇಲೆ, ಟವೆಲ್ಲಿನ ಮೇಲೆ ಅಚ್ಚಾಗಿ ಮಾರಾಟವಾಗುತ್ತದೆ. ಪೇಯ್ಸ್ಲಿ ಆಟಗಾರನ ನಡಿಗೆ ನೋಡಿ ಯಾವ ಸ್ನಾಯು ಹಿಡಿದುಕೊಂಡಿದೆ ಎಂದು ಹೇಳಬಲ್ಲವರಾಗಿದ್ದರು. ಸ್ನಾಯುವಿನ ವಿಚಾರವನ್ನು ಟವೆಲ್ಲಿನ ಮೇಲೆ ಅಚ್ಚು ಹಾಕಿಸಿದರೆ ಯಾರು ಕೊಳ್ಳುತ್ತಾರೆ? ಇನ್ನೂ ದೊಡ್ಡ ತಪ್ಪು ಬೇರೆ ಇದೆ. ಪೇಯ್ಸ್ಲಿ ಬಿಟ್ಟು ಹೋದ ಮೇಲೂ ಲಿವರ್‌ಪೂಲ್ ಬೀಳಲಿಲ್ಲ. 1983ರಲ್ಲಿ ಅವರ ಜಾಗಕ್ಕೆ ಬಂದ ಜೋ ಫೇಗನ್ ಮೊದಲ ವರ್ಷವೇ ಲೀಗ್, ಲೀಗ್ ಕಪ್, ಯುರೋಪಿಯನ್ ಕಪ್ ಮೂರನ್ನೂ ಗೆದ್ದುಬಿಟ್ಟರು. ಎರಡು ವರ್ಷಕ್ಕೆ ಕೆನಿ ಡಾಲ್‌ಗ್ಲಿಶ್ ಬಂದರು, ಆಡುತ್ತಲೇ ತಂಡ ನಡೆಸಿ ಲೀಗ್ ಮತ್ತು ಎಫ್.ಎ. ಕಪ್ ಎರಡನ್ನೂ ತಂದರು. ಹೀಗೆ ಬಂದವರೆಲ್ಲ ಗೆದ್ದರೆ ಹೋದವರನ್ನು ನೆನೆಯಲು ಯಾರಿಗೆ ಪುರುಸೊತ್ತು?

ಈಗ ಪ್ರತಿಮೆಗಳನ್ನು ನೋಡಿ. ಆನ್‌ಫೀಲ್ಡ್ ಕ್ರೀಡಾಂಗಣದ ಹೊರಗೆ ಶ್ಯಾಂಕ್ಲಿಯವರ ಪ್ರತಿಮೆ 1997ರಲ್ಲೇ ಎದ್ದು ನಿಂತಿತು: ಕೊರಳಲ್ಲಿ ಸ್ಕಾರ್ಫ್, ಎರಡೂ ತೋಳು ಚಾಚಿ ಜನಸಾಗರದ ವಂದನೆ ಸ್ವೀಕರಿಸುವ ಭಂಗಿ. 1996ರಲ್ಲಿ ತೀರಿಕೊಂಡ ಪೇಯ್ಸ್ಲಿಯವರ ಪ್ರತಿಮೆಗೆ 2020ರವರೆಗೆ ಕಾಯಬೇಕಾಯಿತು. ಬಂದ ಪ್ರತಿಮೆಯಾದರೂ ಎಂಥದು? 1968ರ ಒಂದು ಪಂದ್ಯದಲ್ಲಿ ಗಾಯಗೊಂಡ ಆಟಗಾರ ಎಮ್ಲಿನ್ ಹ್ಯೂಸ್‌ನನ್ನು ಬೆನ್ನ ಮೇಲೆ ಹೊತ್ತು ಮೈದಾನದಿಂದ ಹೊರಗೆ ತರುತ್ತಿರುವ ಪೇಯ್ಸ್ಲಿ. ಆಗ ಅವರು ಮ್ಯಾನೇಜರ್ ಕೂಡ ಅಲ್ಲ. ಮೂರು ಯುರೋಪಿಯನ್ ಕಪ್ ಗೆದ್ದವರಿಗೆ ಕಂಚಿನಲ್ಲೂ ಕೂಲಿ ತಪ್ಪಲಿಲ್ಲ. ಬ್ರಿಟನ್ನಿನ ರಾಣಿ ಮ್ಯಾಂಚೆಸ್ಟರ್ ಯುನೈಟೆಡ್ಡಿನ ಮ್ಯಾಟ್ ಬಸ್ಬಿಯವರಿಗೆ ಸರ್ ಪಟ್ಟ ಕೊಟ್ಟರು, ಫರ್ಗುಸನ್ನರಿಗೆ ಕೊಟ್ಟರು, ಪೇಯ್ಸ್ಲಿ ಬಳಿ ಆಡಿ ಬೆಳೆದ ಡಾಲ್‌ಗ್ಲಿಶ್‌ಗೂ ಕೊಟ್ಟರು. ಪೇಯ್ಸ್ಲಿಯವರಿಗೆ ಅದಕ್ಕಿಂತ ಕೆಳಗಿನದೊಂದು ಪದಕ ಸಿಕ್ಕಿತು. ಅವರು ದೂರಿದ್ದನ್ನು ಯಾರೂ ಕೇಳಲಿಲ್ಲ.

ಲಿವರ್‌ಪೂಲ್‌ನ ಈ ಯಶಸ್ಸಿನ ಗುಟ್ಟೇನು ಎಂದು ಹುಡುಕಿದವರೆಲ್ಲ ಹೋಗಿ ತಲುಪಿದ್ದು ಆನ್‌ಫೀಲ್ಡ್‌ನ ಒಂದು ಪುಟ್ಟ ಕೋಣೆಗೆ. ಬೂಟು ನೇತುಹಾಕುವ ಕೋಣೆ, ಬೂಟ್ ರೂಮ್. ಶ್ಯಾಂಕ್ಲಿ, ಪೇಯ್ಸ್ಲಿ, ಫೇಗನ್ ಮುಂತಾದವರ ಕಾಲದಲ್ಲಿ ತರಬೇತುದಾರರೆಲ್ಲ ಬಿಯರ್ ಕ್ರೇಟುಗಳನ್ನು ಬೋರಲು ಹಾಕಿಕೊಂಡು ಅಲ್ಲಿ ಕೂತು, ಆ ವಾರ ಯಾರು ಹೇಗೆ ಆಡಿದರು ಎಂದು ಹರಟುತ್ತಿದ್ದರು. ಯಾವ ದಿನ ಯಾವ ಅಭ್ಯಾಸ ಮಾಡಿಸಿದೆವು, ಯಾರಿಗೆ ಎಲ್ಲಿ ನೋವು ಎಂದು ಬರೆದಿಡುತ್ತಿದ್ದರು. ಪಂದ್ಯ ಮುಗಿದ ಮೇಲೆ ಎದುರಾಳಿ ಮ್ಯಾನೇಜರನ್ನೂ ಒಳಗೆ ಕರೆದು ಕುಡಿಯಲು ಕೊಟ್ಟು, ಅವನ ಬಾಯಿಂದ ಬೇಕಾದ್ದನ್ನೆಲ್ಲ ಹೊರಡಿಸಿಕೊಂಡು ಕಳಿಸುತ್ತಿದ್ದರು. ಒಬ್ಬರ ಹಿಂದೊಬ್ಬರು ಮ್ಯಾನೇಜರ್‌ಗಳು ಈ ಕೋಣೆಯಿಂದಲೇ ಎದ್ದು ಬಂದರು. 1993ರಲ್ಲಿ ಕ್ಲಬ್ ಆ ಕೋಣೆಯನ್ನು ಒಡೆದು ಹಾಕಿತು. ಯಾಕೆ? ಪತ್ರಕರ್ತರಿಗೆ ಸಂದರ್ಶನ ಕೊಡಲು ಜಾಗ ಬೇಕಿತ್ತು. ಆಟದ ಬಗ್ಗೆ ಯೋಚಿಸುತ್ತಿದ್ದ ಕೋಣೆ ಹೋಗಿ, ಯಾಕೆ ಸೋತೆವು ಎಂದು ವಿವರಿಸುವ ಕೋಣೆ ಬಂತು. ಆಮೇಲೆ ವಿವರಿಸಲು ವಿಷಯಕ್ಕೇನೂ ಕೊರತೆಯಾಗಲಿಲ್ಲ; 1990ರಲ್ಲಿ ಲೀಗ್ ಗೆದ್ದಿದ್ದ ಲಿವರ್‌ಪೂಲ್ ಮತ್ತೆ ಗೆದ್ದದ್ದು 2020ರಲ್ಲಿ.

ಇನ್ನು ಮ್ಯಾಂಚೆಸ್ಟರ್. ಅಲ್ಲಿನವರು ಹಾಳಾಗುವ ಕಲೆಯನ್ನು ಎರಡು ಸಲ ಅಭ್ಯಾಸ ಮಾಡಿದ್ದಾರೆ. ಮೊದಲ ಸಲ ಮ್ಯಾಟ್ ಬಸ್ಬಿಯವರ ನಂತರ. 1958ರ ಮ್ಯೂನಿಕ್ ವಿಮಾನ ದುರಂತದಲ್ಲಿ ಎಂಟು ಆಟಗಾರರನ್ನು ಕಳೆದುಕೊಂಡು, ತಾವೂ ಸಾವಿನ ಬಾಗಿಲು ತಟ್ಟಿ ಬಂದು, ಹತ್ತು ವರ್ಷದಲ್ಲಿ ಹೊಸ ತಂಡ ಕಟ್ಟಿ ಯುರೋಪಿಯನ್ ಕಪ್ ಗೆದ್ದ ಮನುಷ್ಯ. ಅಲ್ಲಿಯವರೆಗೆ ವ್ಯಂಗ್ಯಕ್ಕೆ ಎಡೆಯಿಲ್ಲ. ಆಮೇಲೆ 1969ರಲ್ಲಿ ಅವರು ಮ್ಯಾನೇಜರ್ ಕುರ್ಚಿ ಬಿಟ್ಟು ಜನರಲ್ ಮ್ಯಾನೇಜರ್ ಆದರು, ಅಂದರೆ ಒಂದು ಕುರ್ಚಿ ಬಿಟ್ಟು ಅದರ ಹಿಂದಿನ ಕುರ್ಚಿಯಲ್ಲಿ ಕೂತರು. ಮುಂದಿನ ಕುರ್ಚಿಗೆ ವಿಲ್ಫ್ ಮೆಗಿನೆಸ್ ಎಂಬ ಮೂವತ್ತೊಂದು ವರ್ಷದ ಹುಡುಗನನ್ನು ಕೂರಿಸಿದರು. ಹಿಂದೆ ಬಸ್ಬಿ, ಮುಂದೆ ಬಾಬಿ ಚಾರ್ಲ್ಟನ್, ಜಾರ್ಜ್ ಬೆಸ್ಟ್, ಡೆನಿಸ್ ಲಾ, ನಡುವೆ ಮೆಗಿನೆಸ್. ಅತ್ತ ದರಿ ಇತ್ತ ಪುಲಿ. ಒಂದೂವರೆ ವರ್ಷಕ್ಕೆ ಆತನನ್ನು ಇಳಿಸಿದರು, ಬಸ್ಬಿಯವರೇ ಕೆಲವು ತಿಂಗಳು ವಾಪಸ್ ಬಂದರು, ಆಮೇಲೆ ಇನ್ನೊಬ್ಬರು, ಮತ್ತೊಬ್ಬರು. 1968ರಲ್ಲಿ ಯುರೋಪಿನ ಚಾಂಪಿಯನ್ ಆಗಿದ್ದ ಕ್ಲಬ್ 1974ರಲ್ಲಿ ಎರಡನೇ ಡಿವಿಜನ್ನಿಗೆ ಬಿತ್ತು.

ಇದರಿಂದ ಪಾಠ ಕಲಿತು, ಮುಂದಿನ ಸಲ ಅದನ್ನೇ ಇನ್ನೂ ದೊಡ್ಡದಾಗಿ ಮಾಡಿದರು.

ಫರ್ಗುಸನ್ನರ ಕತೆಯಲ್ಲಿ ಭಕ್ತರು ಹಾರಿಸಿ ಓದುವ ಪುಟಗಳಿವೆ. 1978ರಲ್ಲಿ ಸೇಂಟ್ ಮಿರೆನ್ ಎಂಬ ಸಣ್ಣ ಸ್ಕಾಟಿಷ್ ಕ್ಲಬ್ ಅವರನ್ನು ಕೆಲಸದಿಂದ ತೆಗೆದಿತ್ತು. ಆ ಕ್ಲಬ್ಬಿನ ಆಡಳಿತ ಮಂಡಳಿಗೆ ನನ್ನ ವಿಶೇಷ ನಮಸ್ಕಾರ. ಫರ್ಗುಸನ್‌ನನ್ನು ವಜಾ ಮಾಡಿದ ಕ್ಲಬ್ ಭೂಮಿಯ ಮೇಲೆ ಅದೊಂದೇ. 1986ರ ನವೆಂಬರಿನಲ್ಲಿ ಯುನೈಟೆಡ್‌ಗೆ ಬಂದರು. ಬಂದ ಮೂರು ವರ್ಷಕ್ಕೆ ತಂಡದ ಸ್ಥಿತಿ ಹೇಗಿತ್ತೆಂದರೆ, ಊರಿನ ಎದುರಾಳಿ ಸಿಟಿಯ ಕೈಲಿ 5–1ರಿಂದ ಹೊಡೆಸಿಕೊಂಡು ಬಂದರು. ಅದೇ 1989ರ ಡಿಸೆಂಬರಿನಲ್ಲಿ, ಮೂರು ವರ್ಷ ಬರೀ ನೆಪ ಕೇಳಿದ್ದಾಯಿತು, ಇನ್ನು ಹೊರಡಪ್ಪ ಎಂಬರ್ಥದ ಬ್ಯಾನರ್ ಒಂದು ಗ್ಯಾಲರಿಯಲ್ಲಿ ಎದ್ದಿತು. ಆ ವರ್ಷ ಲೀಗಿನಲ್ಲಿ ತಂಡಕ್ಕೆ ಸಿಕ್ಕಿದ್ದು ಹದಿಮೂರನೇ ಸ್ಥಾನ.

1990ರ ಜನವರಿಯಲ್ಲಿ ನಾಟಿಂಗಂ ಫಾರೆಸ್ಟ್ ವಿರುದ್ಧ ಎಫ್.ಎ. ಕಪ್ ಪಂದ್ಯ. ಮಾರ್ಕ್ ರಾಬಿನ್ಸ್ ಎಂಬ ಹುಡುಗ ತಲೆಯಿಂದ ನೂಕಿದ ಒಂದು ಗೋಲು. ಯುನೈಟೆಡ್ ಗೆದ್ದಿತು, ಕೊನೆಗೆ ಆ ಕಪ್ಪನ್ನೂ ಗೆದ್ದಿತು. ಆ ಚೆಂಡು ಕಂಬಕ್ಕೆ ಬಡಿದಿದ್ದರೆ ಫರ್ಗುಸನ್ ಕೆಲಸ ಹೋಗುತ್ತಿತ್ತು ಎಂದು ಊರೆಲ್ಲ ಹೇಳುತ್ತದೆ. ಹೋಗುತ್ತಿರಲಿಲ್ಲ ಎಂದು ಆಗಿನ ಅಧ್ಯಕ್ಷರು ಹೇಳುತ್ತಾರೆ. ಅಧ್ಯಕ್ಷರ ಮಾತನ್ನು ನಾನು ನಂಬುತ್ತೇನೆ. ಗೆದ್ದ ಮೇಲೆ ಎಲ್ಲ ಅಧ್ಯಕ್ಷರೂ ತಾಳ್ಮೆಯ ಸಾಗರಗಳೇ. ಅಂತೂ ಮೊದಲ ಲೀಗ್ ಪಟ್ಟ ಬಂದದ್ದು 1993ರಲ್ಲಿ, ಕುರ್ಚಿಯಲ್ಲಿ ಆರೂವರೆ ವರ್ಷ ಕಳೆದ ಮೇಲೆ. ಇವತ್ತು ಒಬ್ಬ ಕೋಚ್‌ಗೆ ಆರೂವರೆ ವರ್ಷ ಕೊಡುವುದಿರಲಿ, ಸತತ ಆರು ಪಂದ್ಯ ಸೋಲಲು ಬಿಡುವ ಮಾಲೀಕ ಎಲ್ಲಿದ್ದಾನೆ? ಶ್ರೇಷ್ಠ ಕೋಚ್‌ಗಳ ಪಟ್ಟಿ ಮಾಡುವವರು ಶ್ರೇಷ್ಠ ಮಾಲೀಕರ ಪಟ್ಟಿಯನ್ನೂ ಜೊತೆಗೇ ಮಾಡಬೇಕು. ಅದರಲ್ಲಿ ಹೆಸರು ಸಿಗುವುದು ಕಷ್ಟ, ಅದು ಬೇರೆ ಮಾತು.

2013ರಲ್ಲಿ ಸರ್ ಅಲೆಕ್ಸ್ ನಿವೃತ್ತರಾದರು. ಉತ್ತರಾಧಿಕಾರಿಯನ್ನೂ ಅವರೇ ಆರಿಸಿದರು: ಎವರ್ಟನ್‌ನ ಡೇವಿಡ್ ಮೋಯ್ಸ್. ಕ್ಲಬ್ ಆರು ವರ್ಷದ ಕರಾರು ಕೊಟ್ಟಿತು. ಗ್ಯಾಲರಿಯಲ್ಲಿ ಅವರ ಚಿತ್ರದ ಕೆಳಗೆ 'ಆಯ್ಕೆಯಾದವನು' ಎಂದು ಬರೆದ ಬ್ಯಾನರ್ ತೂಗಿತು. ಈಗ ಮೋಯ್ಸ್ ಅವರ ದಿನಚರಿ ಊಹಿಸಿಕೊಳ್ಳಿ. ಕ್ರೀಡಾಂಗಣಕ್ಕೆ ಬಂದರೆ ಹೊರಗೆ ಫರ್ಗುಸನ್ ಪ್ರತಿಮೆ. ಅದನ್ನು ಅವರು ಕೆಲಸದಲ್ಲಿರುವಾಗಲೇ, 2012ರಲ್ಲಿ, ನಿಲ್ಲಿಸಿದ್ದರು. ಒಳಗೆ ಬಂದರೆ ಎದುರಿಗೆ ಫರ್ಗುಸನ್ ಹೆಸರಿನ ಸ್ಟ್ಯಾಂಡ್. ತಲೆ ಎತ್ತಿದರೆ ನಿರ್ದೇಶಕರ ಸಾಲಿನಲ್ಲಿ ಚ್ಯೂಯಿಂಗ್ ಗಮ್ ಜಗಿಯುತ್ತ ಕೂತ ಸ್ವತಃ ಫರ್ಗುಸನ್. ಎದುರಾಳಿ ಗೋಲು ಹೊಡೆದಾಗಲೆಲ್ಲ ಟಿವಿ ಕ್ಯಾಮೆರಾ ಮೊದಲು ಹೋಗುತ್ತಿದ್ದುದು ಗೋಲು ಹೊಡೆದವನ ಕಡೆಗಲ್ಲ, ಆ ಮುಖದ ಕಡೆಗೆ. 2014ರ ಮಾರ್ಚಿನಲ್ಲಿ ಅಭಿಮಾನಿಗಳು ಮೋಯ್ಸ್ ತೊಲಗಲಿ ಎಂಬ ಬ್ಯಾನರನ್ನು ವಿಮಾನಕ್ಕೆ ಕಟ್ಟಿ ಕ್ರೀಡಾಂಗಣದ ಮೇಲೆ ಹಾರಿಸಿದರು. ಏಪ್ರಿಲ್‌ನಲ್ಲಿ, ತಮ್ಮ ಹಳೆಯ ಎವರ್ಟನ್ ಎದುರೇ ಸೋತ ಬೆನ್ನಿಗೆ, ಮೋಯ್ಸ್ ಕೆಲಸ ಹೋಯಿತು. ಆರು ವರ್ಷದ ಕರಾರು ಹತ್ತು ತಿಂಗಳಿಗೆ ತೀರಿತು. ಆಮೇಲೆ ವಾನ್ ಗಾಲ್, ಮೊರಿನ್ಯೊ, ಸೋಲ್ಶಾರ್, ಟೆನ್ ಹಾಗ್, ಅಮೊರಿಂ ಎಂದು ದೇಶದೇಶಗಳ ಪಂಡಿತರು ಬಂದರು, ಹೋದರು. ಹತ್ತು ವರ್ಷ ಕಳೆದರೂ ಇನ್ನೊಂದು ಲೀಗ್ ಬರಲಿಲ್ಲ. ಒಬ್ಬೊಬ್ಬರು ಸೋತಾಗಲೂ ಫರ್ಗುಸನ್ ಇನ್ನೊಂದಿಷ್ಟು ಎತ್ತರವಾದರು. ನಿವೃತ್ತಿಯಾದ ಮೇಲೆ ಇಷ್ಟು ಬೆಳೆದ ಕೋಚ್ ಚರಿತ್ರೆಯಲ್ಲಿ ಇನ್ನೊಬ್ಬರಿಲ್ಲ.

ಬ್ರಯಾನ್ ಕ್ಲಫ್ ಇದರಲ್ಲೂ ಒಂದು ಹೆಜ್ಜೆ ಮುಂದೆ ಹೋದವರು. ಹಾಳುಮಾಡುವ ಕೆಲಸವನ್ನು ಉತ್ತರಾಧಿಕಾರಿಗೆ ಬಿಡದೆ ತಾವೇ ಮುಗಿಸಿಕೊಟ್ಟು ಹೋದರು. ಎರಡನೇ ಡಿವಿಜನ್ನಿನಲ್ಲಿದ್ದ ನಾಟಿಂಗಂ ಫಾರೆಸ್ಟನ್ನು 1977ರಲ್ಲಿ ಮೇಲಕ್ಕೆ ತಂದು, 1978ರಲ್ಲಿ ಲೀಗ್ ಗೆದ್ದು, 1979 ಮತ್ತು 1980ರಲ್ಲಿ ಯುರೋಪಿಯನ್ ಕಪ್ಪನ್ನೇ ಎತ್ತಿದರು. ಲೀಗ್ ಒಂದೇ ಸಲ ಗೆದ್ದು ಯುರೋಪಿನ ಕಪ್ ಎರಡು ಸಲ ಗೆದ್ದ ಕ್ಲಬ್ ಅದು. ಅಂಥದ್ದು ಮತ್ತೆ ಆಗುವ ಮಾತಲ್ಲ. ಹದಿನೆಂಟು ವರ್ಷ ಕುರ್ಚಿಯಲ್ಲಿದ್ದು, 1993ರಲ್ಲಿ ಅದೇ ಫಾರೆಸ್ಟನ್ನು ಕಟ್ಟಕಡೆಯ ಸ್ಥಾನಕ್ಕೆ ತಂದು, ಎಲ್ಲಿಂದ ಎತ್ತಿದ್ದರೋ ಅಲ್ಲೇ ಇಳಿಸಿ ಮನೆಗೆ ಹೋದರು. ಜನ ಅತ್ತರು, ಹಾಡಿದರು, ನಾಟಿಂಗಂನ ನಡುಪೇಟೆಯಲ್ಲಿ ಪ್ರತಿಮೆ ನಿಲ್ಲಿಸಿದರು.

ಕ್ಲಫ್ ಅಂದರೆ ಗತ್ತು. ಬ್ರಿಟನ್ನಿನ ಮೊದಲ ಹತ್ತು ಲಕ್ಷ ಪೌಂಡಿನ ಆಟಗಾರ ಟ್ರೆವರ್ ಫ್ರಾನ್ಸಿಸ್‌ನನ್ನು 1979ರಲ್ಲಿ ಪತ್ರಕರ್ತರಿಗೆ ಪರಿಚಯಿಸಬೇಕಿತ್ತು. ಕ್ಲಫ್ ಬಂದದ್ದು ಕೆಂಪು ಟ್ರ್ಯಾಕ್‌ಸೂಟಿನಲ್ಲಿ, ಕೈಯಲ್ಲಿ ಸ್ಕ್ವಾಷ್ ರ‍್ಯಾಕೆಟ್. ಹತ್ತು ಲಕ್ಷದ ಸಹಿ ಬೇಗ ಮುಗಿದರೆ ಆಡಲು ಹೋಗಬೇಕು ಎಂಬಂತೆ. ಲೀಡ್ಸ್‌ನಲ್ಲಿ ಈ ಗತ್ತು ನಡೆಯಲಿಲ್ಲ. 1974ರಲ್ಲಿ ಅಲ್ಲಿಗೆ ಹೋದವರೇ, ನೀವು ಗೆದ್ದ ಪದಕಗಳೆಲ್ಲ ಮೋಸದವು, ಕಸದ ಬುಟ್ಟಿಗೆ ಹಾಕಿ ಎಂದು ಆಟಗಾರರಿಗೆ ಹೇಳಿದರಂತೆ. 44 ದಿನಕ್ಕೆ ಹೊರಗೆ ಬಂದರು. ಲೀಡ್ಸ್‌ಗೆ ಹೋಗುವಾಗ ಒಂದನ್ನು ಬಿಟ್ಟು ಹೋಗಿದ್ದರು, ಅದು ಪೀಟರ್ ಟೇಲರ್. ಡರ್ಬಿ ಕ್ಲಬ್ಬಿನಲ್ಲಿ, ಫಾರೆಸ್ಟ್‌ನಲ್ಲಿ ಕ್ಲಫ್ ಪಕ್ಕದಲ್ಲಿದ್ದ ಜೊತೆಗಾರ. ಆಟಗಾರನನ್ನು ಹುಡುಕಿ ತರುವುದು ಟೇಲರ್ ಕೆಲಸ, ತಂದವನನ್ನು ಬೈದು ಬೆಳೆಸುವುದು ಕ್ಲಫ್ ಕೆಲಸ. ಇಬ್ಬರೂ ಸೇರಿ ಗೆದ್ದದ್ದನ್ನು ಪಟ್ಟಿ ಮಾಡುವಾಗ ಜಗತ್ತು ಒಂದೇ ಹೆಸರು ಬರೆಯಿತು. 1982ರಲ್ಲಿ ಟೇಲರ್ ಹೋದ ಮೇಲೆ ಕ್ಲಫ್ ಲೀಗನ್ನಾಗಲಿ ಯುರೋಪಿಯನ್ ಕಪ್ಪನ್ನಾಗಲಿ ಮತ್ತೆ ಮುಟ್ಟಲಿಲ್ಲ. ಮರುವರ್ಷ ಒಬ್ಬ ಆಟಗಾರನ ವಿಚಾರಕ್ಕೆ ಇಬ್ಬರಿಗೂ ಮಾತು ನಿಂತಿತು. 1990ರಲ್ಲಿ ಟೇಲರ್ ತೀರಿಕೊಳ್ಳುವವರೆಗೂ ನಿಂತೇ ಇತ್ತು. ಡರ್ಬಿಯವರು 2010ರಲ್ಲಿ ಇಬ್ಬರನ್ನೂ ಒಂದೇ ಪೀಠದ ಮೇಲೆ ಅಕ್ಕಪಕ್ಕ ನಿಲ್ಲಿಸಿದ್ದಾರೆ. ಈಗ ಎದ್ದು ಹೋಗಲು ಇಬ್ಬರಿಗೂ ಆಗದು.

ಮಾಲೀಕರ ವಿಚಾರ ಬಂದಿತ್ತಲ್ಲ. ರಿಯಲ್ ಮ್ಯಾಡ್ರಿಡ್ ಈ ವಿಷಯದಲ್ಲಿ ಪೀಠಾಧಿಪತಿ. 1998ರಲ್ಲಿ ಯುಪ್ ಹೈಂಕೆಸ್, ಆ ಕ್ಲಬ್ ಮೂವತ್ತೆರಡು ವರ್ಷಗಳಿಂದ ಕಾಯುತ್ತಿದ್ದ ಯುರೋಪಿನ ಕಪ್ಪನ್ನು ತಂದುಕೊಟ್ಟರು. ಲೀಗಿನಲ್ಲಿ ನಾಲ್ಕನೆಯವರಾದಿರಿ ಎಂದು ಕ್ಲಬ್ಬಿನವರು ಅವರನ್ನು ಕಳಿಸಿಕೊಟ್ಟರು. ವಿಸೆಂಟೆ ಡೆಲ್ ಬೋಸ್ಕ್ ಎರಡು ಚಾಂಪಿಯನ್ಸ್ ಲೀಗ್, ಎರಡು ಸ್ಪೇನ್ ಲೀಗ್ ಗೆದ್ದರು; 2003ರಲ್ಲಿ ಎರಡನೇ ಲೀಗ್ ಗೆದ್ದ ಸಂಭ್ರಮದ ಹೂವು ಬಾಡುವ ಮೊದಲೇ ನಿಮ್ಮ ಸೇವೆ ಸಾಕು ಎಂದರು ಕ್ಲಬ್ಬಿನವರು. ಪಾಪದ ಮನುಷ್ಯ, ದಪ್ಪ ಮೀಸೆ, ಕೂಗಾಟವಿಲ್ಲ, ಜೆರ್ಸಿ ಮಾರಾಟಕ್ಕೆ ಒದಗುವ ಮುಖವಲ್ಲ. ಮುಂದಿನ ಮೂರು ವರ್ಷ ರಿಯಲ್‌ಗೆ ಲೀಗೂ ಇಲ್ಲ, ಯುರೋಪೂ ಇಲ್ಲ. ಡೆಲ್ ಬೋಸ್ಕ್ ಸ್ಪೇನ್ ತಂಡದ ಜೊತೆ ಹೋಗಿ 2010ರ ವಿಶ್ವಕಪ್, 2012ರ ಯುರೋ ಕಪ್ ತಂದರು. ಲೆಸ್ಟರ್‌ನ ಕ್ಲೌಡಿಯೊ ರನಿಯೇರಿ ಅವರದು ಇನ್ನೂ ಚುರುಕು. ಬಾಜಿಕಟ್ಟೆಯವರು ಒಂದಕ್ಕೆ ಐದು ಸಾವಿರ ಕೊಡುತ್ತೇವೆ ಎಂದು ನಕ್ಕಿದ್ದ ತಂಡ 2016ರಲ್ಲಿ ಲೀಗ್ ಗೆದ್ದಿತು. 2017ರ ಜನವರಿಯಲ್ಲಿ ಫಿಫಾ ಅವರನ್ನು ವರ್ಷದ ವಿಶ್ವಶ್ರೇಷ್ಠ ಕೋಚ್ ಎಂದು ಸನ್ಮಾನಿಸಿತು. ಫೆಬ್ರವರಿಯಲ್ಲಿ ಲೆಸ್ಟರ್ ಕೆಲಸದಿಂದ ತೆಗೆಯಿತು. ಆಂಚೆಲೊಟ್ಟಿಯವರನ್ನಂತೂ 2011ರಲ್ಲಿ ಚೆಲ್ಸಿ ಕ್ಲಬ್ ಎವರ್ಟನ್ ಮೈದಾನದಲ್ಲೇ, ಪಂದ್ಯ ಮುಗಿದ ಸ್ವಲ್ಪ ಹೊತ್ತಿಗೆ, ಓಣಿಯಲ್ಲಿ ನಿಲ್ಲಿಸಿ ವಜಾ ಮಾಡಿತು. ಹಿಂದಿನ ವರ್ಷವಷ್ಟೇ ಲೀಗ್ ಮತ್ತು ಎಫ್.ಎ. ಕಪ್ ಎರಡನ್ನೂ ತಂದುಕೊಟ್ಟಿದ್ದವರು. ಎಡಹುಬ್ಬು ಏರಿಸಿ ಹೊರಟುಹೋದರು, ಅಷ್ಟೆ. ಎಲ್ಲಿಗೆ ಹೋದರೂ ಗೆಲ್ಲುತ್ತಾರೆ, ಎಲ್ಲಿಂದ ಹೋದರೂ ಮನೆ ಬೀಳಿಸಿ ಹೋಗುವುದಿಲ್ಲ. ಹಾಗಾಗಿಯೇ ಅವರ ಹೆಸರಿನಲ್ಲಿ ಒಂದು 'ವಾದ'ವೂ ಹುಟ್ಟಲಿಲ್ಲ.

ಗಾರ್ಡಿಯೊಲಾ ಹೆಸರಿನಲ್ಲಿ ಹುಟ್ಟಿದೆ. ಅವರ ನಿಜವಾದ ಶಾಶ್ವತ ಸಾಧನೆ ಆರು ಇಂಗ್ಲಿಷ್ ಲೀಗುಗಳಲ್ಲಿ ಇಲ್ಲ, ಲೋಕದ ಗೋಲ್‌ಕೀಪರ್‌ಗಳ ಕಾಲಲ್ಲಿದೆ. ಚೆಂಡನ್ನು ಒದ್ದು ಆಚೆ ಕಳಿಸುವುದು ಅನಾಗರಿಕತೆ, ಪಕ್ಕದ ಡಿಫೆಂಡರ್‌ಗೆ ಮೆಲ್ಲಗೆ ದಾಟಿಸುವುದೇ ಸಂಸ್ಕೃತಿ ಎಂದು ಅವರು ತೋರಿಸಿಕೊಟ್ಟರು. ಅವರ ಗೋಲ್‌ಕೀಪರ್‌ಗಳು ಕೋಟಿಗಟ್ಟಲೆ ಬೆಲೆಯವರು, ಅವರಿಗದು ಬರುತ್ತಿತ್ತು. 2019ರಲ್ಲಿ ನಿಯಮವೂ ಬದಲಾಗಿ, ಗೋಲ್ ಕಿಕ್ಕಿನ ಚೆಂಡನ್ನು ಜೊತೆಯ ಆಟಗಾರ ಪೆನಾಲ್ಟಿ ಬಾಕ್ಸಿನೊಳಗೇ ಪಡೆಯಬಹುದು ಎಂದಾಯಿತು. ಅಂದಿನಿಂದ ಅಂತರಕಾಲೇಜು ಪಂದ್ಯಗಳಲ್ಲೂ ಕೋಚ್ ಕೂಗುತ್ತಾನೆ: 'ಹೊಡೀಬೇಡ, ಪಾಸ್ ಮಾಡು!' ಹುಡುಗ ಪಾಸ್ ಮಾಡುತ್ತಾನೆ, ನೇರ ಎದುರಾಳಿಯ ಕಾಲಿಗೆ. ಗೋಲು. 'ತಪ್ಪಿಲ್ಲ, ಐಡಿಯಾ ಸರಿಯಿತ್ತು' ಎನ್ನುತ್ತಾನೆ ಕೋಚ್.

ನಮ್ಮದೂ ಒಂದು ಹೆಸರು ಈ ಪಟ್ಟಿಗೆ ಸೇರಬೇಕು. ಮೇಲೆ ಹೇಳಿದ ಅಳತೆಗೋಲಿನಲ್ಲಿ, ಅಂದರೆ ಎದ್ದು ಹೋದ ಮೇಲೆ ಎಷ್ಟು ಹಾಳಾಯಿತು ಎಂಬ ಗೋಲಿನಲ್ಲಿ, ಜಗತ್ತಿನ ಸರ್ವಶ್ರೇಷ್ಠ ಕೋಚ್ ಹೈದರಾಬಾದಿನ ಶಾಲಾ ಮೇಷ್ಟ್ರು ಸೈಯದ್ ಅಬ್ದುಲ್ ರಹೀಮ್. ಫರ್ಗುಸನ್ ಎರಡನೆಯವರು, ಬಹಳ ಹಿಂದೆ. ರಹೀಮ್ ಸಾಹೇಬರು 1951ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಭಾರತಕ್ಕೆ ಚಿನ್ನ ತಂದರು. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯದ ಕೈಲಿ 10–1ರಿಂದ ಸೋತರು. ಆ ಒಂದು ಗೋಲು ಹೊಡೆದವರು ನಮ್ಮ ಬೆಂಗಳೂರಿನ ಅಹ್ಮದ್ ಖಾನ್. ಹತ್ತು ತಿಂದ ದಿನವೂ ಲೆಕ್ಕಕ್ಕೊಂದು ನಮ್ಮ ಕಡೆಯಿಂದ ಸೇರಿತ್ತು ಎಂದು ನಾವು ಹೆಮ್ಮೆಪಡಬಹುದು. ಇವತ್ತಿನ ಕಾಲವಾಗಿದ್ದರೆ ಹತ್ತನೇ ಗೋಲಿಗೆ ಮುಂಚೆಯೇ ಮೇಷ್ಟ್ರ ವಿಮಾನದ ಟಿಕೆಟ್ ರದ್ದಾಗುತ್ತಿತ್ತು. ಆಗ ಹಾಗಾಗಲಿಲ್ಲ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ಗೂ ತಂಡವನ್ನು ಕರೆದೊಯ್ದವರು ಅವರೇ. ನಾಲ್ಕನೇ ಸ್ಥಾನ ಬಂತು.

1962ರ ಜಕಾರ್ತಾ ಏಷ್ಯನ್ ಗೇಮ್ಸ್ ಹೊತ್ತಿಗೆ ಮೇಷ್ಟ್ರಿಗೆ ಶ್ವಾಸಕೋಶದ ಕ್ಯಾನ್ಸರ್. ಊರಿನ ಪ್ರೇಕ್ಷಕರು ಭಾರತ ಎಂದರೆ ಸಿಟ್ಟಾಗಿದ್ದರು, ಗ್ಯಾಲರಿ ಪೂರ್ತಿ ಎದುರಾಳಿಯ ಪರ. ಡಿಫೆಂಡರ್ ಜರ್ನೈಲ್ ಸಿಂಗ್‌ಗೆ ಆಟದಲ್ಲಿ ತಲೆ ಒಡೆದು ಹೊಲಿಗೆ ಬಿದ್ದಿತ್ತು. ಬೇರೆ ಕೋಚ್ ಆಗಿದ್ದರೆ ಅವನನ್ನು ಕೂರಿಸುತ್ತಿದ್ದರು. ರಹೀಮ್ ಅವನನ್ನು ಫಾರ್ವರ್ಡ್ ಮಾಡಿ ಮುಂದೆ ಕಳಿಸಿದರು. ಫೈನಲ್‌ನಲ್ಲಿ ದಕ್ಷಿಣ ಕೊರಿಯ ವಿರುದ್ಧ ಪಿ.ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಒಂದು, 2–1, ಚಿನ್ನ. ಮುಂದಿನ ಜೂನಿನಲ್ಲಿ ಮೇಷ್ಟ್ರು ತೀರಿಕೊಂಡರು. ಅವರ ಗೌರವಾರ್ಥ ಭಾರತೀಯ ಫುಟ್‌ಬಾಲ್ ಅಂದಿನಿಂದ ಮೌನ ಆಚರಿಸುತ್ತಿದೆ. 1970ರಲ್ಲಿ ಒಂದು ಕಂಚು ಬಂದು ಸ್ವಲ್ಪ ಭಂಗವಾಯಿತು, ಆಮೇಲೆ ಏಷ್ಯನ್ ಗೇಮ್ಸ್ ಫುಟ್‌ಬಾಲಿನಲ್ಲಿ ಅಂಥ ಅಪಚಾರ ನಡೆದಿಲ್ಲ. ಹೊರದೇಶದ ಕೋಚ್‌ಗಳನ್ನು ಕರೆಸಿದರು, ಕಳಿಸಿದರು. ನಿವೃತ್ತಿ ಹೇಳಿ ಹೋಗಿದ್ದ ಸುನಿಲ್ ಛೆಟ್ರಿಯನ್ನು ನಲವತ್ತರ ವಯಸ್ಸಿನಲ್ಲಿ 2025ರಲ್ಲಿ ವಾಪಸ್ ಕರೆಸಿದರು. ಮೇಷ್ಟ್ರನ್ನು ನೆನಪಿಸಲು ಕೊನೆಗೆ 2024ರಲ್ಲಿ ಅಜಯ್ ದೇವಗನ್ ಸಿಗರೇಟು ಹಚ್ಚಿಕೊಂಡು ಹಿಂದಿ ಸಿನಿಮಾ ಮಾಡಬೇಕಾಯಿತು.

ಆದರೆ ಹೋದ ಮೇಲೂ ಬಾಳುವ ಯಶಸ್ಸು ಎಂದರೆ ಬೇಲಾ ಗುಟ್‌ಮನ್ ಅವರದು, ಅದರಲ್ಲಿ ಎರಡು ಮಾತಿಲ್ಲ. ಹಂಗೆರಿಯ ಯಹೂದಿ, ನಾಜಿಗಳ ಕಾಲದ ಕೂಲಿ ಶಿಬಿರದಿಂದ ಪಾರಾಗಿ ಬಂದವರು. ಒಂದು ಕ್ಲಬ್ಬಿನಲ್ಲಿ ಮೂರನೇ ವರ್ಷ ಕೂರುವುದು ಕೋಚ್‌ಗೆ ಮಾರಕ ಎಂಬುದು ಅವರ ಸಿದ್ಧಾಂತ. ಲಿಸ್ಬನ್ನಿನ ಬೆನ್ಫಿಕಾ ಕ್ಲಬ್ಬಿಗೆ 1961ರಲ್ಲಿ ಬಾರ್ಸಿಲೋನಾವನ್ನು, 1962ರಲ್ಲಿ ರಿಯಲ್ ಮ್ಯಾಡ್ರಿಡನ್ನು ಸೋಲಿಸಿ ಎರಡು ಯುರೋಪಿಯನ್ ಕಪ್ ಗೆದ್ದುಕೊಟ್ಟರು. ಗೆದ್ದು, ಸ್ವಲ್ಪ ಹೆಚ್ಚು ಹಣ ಕೊಡಿ ಎಂದು ಕೇಳಿದರು. ಕರಾರಿನಲ್ಲಿ ಇಲ್ಲ ಎಂದರು ಕ್ಲಬ್ಬಿನವರು. ಇನ್ನು ನೂರು ವರ್ಷ ಬೆನ್ಫಿಕಾ ಯುರೋಪಿನಲ್ಲಿ ಗೆಲ್ಲುವುದಿಲ್ಲ ಎಂದು ಶಾಪ ಹಾಕಿ ಗುಟ್‌ಮನ್ ಹೊರಟುಹೋದರಂತೆ. ಕತೆ ಎಷ್ಟು ನಿಜವೋ, ಫಲಿತಾಂಶ ಮಾತ್ರ ದಾಖಲೆಯಲ್ಲಿದೆ: 1963, 1965, 1968, 1983, 1988, 1990, 2013, 2014. ಎಂಟು ಯುರೋಪಿಯನ್ ಫೈನಲ್, ಎಂಟೂ ಸೋಲು. 1990ರ ಫೈನಲ್ ವಿಯೆನ್ನಾದಲ್ಲಿ, ಗುಟ್‌ಮನ್ ಮಣ್ಣಾದ ಊರಿನಲ್ಲಿ. ಬೆನ್ಫಿಕಾದ ಮಹಾನ್ ಆಟಗಾರ ಯುಸೆಬಿಯೊ ಸಮಾಧಿಗೆ ಹೋಗಿ ಬೇಡಿಕೊಂಡರಂತೆ. ಮಿಲಾನ್ 1–0ರಿಂದ ಗೆದ್ದಿತು. 2014ರ ಆರಂಭದಲ್ಲಿ ಕ್ಲಬ್ಬಿನವರು ಎರಡೂ ಕೈಯಲ್ಲಿ ಒಂದೊಂದು ಕಪ್ ಹಿಡಿದ ಗುಟ್‌ಮನ್ ಪ್ರತಿಮೆಯನ್ನೇ ತಂದು ಕ್ರೀಡಾಂಗಣದಲ್ಲಿ ನಿಲ್ಲಿಸಿದರು, ಶಾಂತಿ ಮಾಡಿಸಿದ ಹಾಗೆ. ಆ ಮೇ ತಿಂಗಳಲ್ಲೇ ಸೆವಿಯಾ ಎದುರು ಪೆನಾಲ್ಟಿಯಲ್ಲಿ ಸೋತರು. 2022ರಲ್ಲಿ ಮಾತ್ರ ಅವರ ಹುಡುಗರ ತಂಡ ಯುರೋಪಿನ ಯೂತ್ ಲೀಗ್ ಗೆದ್ದಿತು. ಶಾಪಕ್ಕೂ ವಯೋಮಿತಿ ಇದೆ ಎಂದು ತೋರುತ್ತದೆ. ಕೇಳಿದ ಹಣವನ್ನು ಅಂದೇ ಕೊಟ್ಟಿದ್ದರೆ ಇಷ್ಟರಲ್ಲಿ ಬಡ್ಡಿಸಮೇತ ತೀರುತ್ತಿತ್ತು.

2025ರ ಆಗಸ್ಟಿನಲ್ಲಿ ಚಾಂಪಿಯನ್ಸ್ ಲೀಗ್ ಅರ್ಹತಾ ಪಂದ್ಯದಲ್ಲಿ ಬೆನ್ಫಿಕಾ ತಂಡ ಟರ್ಕಿಯ ಫೆನರ್ಬಾಚೆಯನ್ನು ಸೋಲಿಸಿತು. ಸೋತ ಎರಡು ದಿನಕ್ಕೆ ಫೆನರ್ಬಾಚೆ ತನ್ನ ಕೋಚನ್ನು ತೆಗೆಯಿತು. ಗೆದ್ದ ಬೆನ್ಫಿಕಾವೂ ಸೆಪ್ಟೆಂಬರಿನಲ್ಲಿ, ಅಜರ್‌ಬೈಜಾನಿನ ಕಾರಾಬಾಗ್ ತಂಡದ ಕೈಲಿ ಮನೆಯಂಗಳದಲ್ಲೇ ಸೋತು, ತನ್ನ ಕೋಚನ್ನು ತೆಗೆಯಿತು. ಖಾಲಿಯಾದ ಕುರ್ಚಿಗೆ ಯಾರನ್ನು ತಂದರು ಅಂದರೆ, ಮೂರು ವಾರದ ಹಿಂದೆ ತಾವೇ ಸೋಲಿಸಿ ಕೆಲಸ ಕಳೆದಿದ್ದ ಆ ಫೆನರ್ಬಾಚೆ ಕೋಚನ್ನೇ. ಮೂರನೇ ವರ್ಷದ ಕಂಟಕಕ್ಕೆ ಗುಟ್‌ಮನ್‌ಗಿಂತ ಹೆಚ್ಚು ಉದಾಹರಣೆ ಒದಗಿಸಿದ ವಿಶೇಷ ವ್ಯಕ್ತಿ ಜೋಸೆ ಮೊರಿನ್ಯೊ. ಸಹಿ ಹಾಕಿದ ಕರಾರು 2027ರವರೆಗೆ. ಗುಟ್‌ಮನ್ ಅವರದು 2062ರವರೆಗಿದೆ.